ಮನೆಯಲ್ಲಿ ಹಿರಿಯರು ಯಾರು ಯಾರಿದ್ದಾರೆ?

ಮದುವೆಗೆ ಫೋಟೋ ಹೇಳಲು ಬಂದವರು ಮೊದಲು ಕೇಳುವುದು ದರ. ಆಮೇಲೆ ಡ್ರೋನ್ ಇದೆಯೇ ಎಂಬ ವಿಚಾರಣೆ, ಆಲ್ಬಮ್‌ಗೆ ಎಷ್ಟು ಹಾಳೆ ಎಂಬ ಲೆಕ್ಕ, ರೀಲ್ಸ್ ಉಚಿತವಾಗಿ ಕೊಡಬೇಕು ಎಂಬ ಚೌಕಾಸಿ. ಅದೆಲ್ಲ ಮುಗಿಯುವವರೆಗೆ ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಕುಳಿತಿರುತ್ತೇನೆ. ಚಹಾ ಬರುವ ಹೊತ್ತಿಗೆ ನನ್ನ ಸರದಿ. ಡೈರಿ ತೆರೆದು, "ಮನೆಯಲ್ಲಿ ಹಿರಿಯರು ಯಾರು ಯಾರಿದ್ದಾರೆ?" ಎನ್ನುತ್ತೇನೆ.

ಬಹಳ ಜನ ಇದನ್ನು ಕುಶಲೋಪರಿ ಎಂದುಕೊಂಡು "ಎಲ್ಲರೂ ಆರಾಮ ಇದ್ದಾರೆ" ಎಂದು ಮಾತು ಮುಗಿಸುತ್ತಾರೆ. ನನಗೆ ಬೇಕಿರುವುದು ಪಟ್ಟಿ. ಹುಡುಗಿಯ ಅಪ್ಪನ ತಾಯಿ ಇದ್ದಾರೆಯೇ? ಮಂಟಪದ ಮೆಟ್ಟಿಲು ಹತ್ತುವಷ್ಟು ಕಾಲು ಗಟ್ಟಿ ಇವೆಯೇ? ಹುಡುಗನನ್ನು ಎತ್ತಿ ಆಡಿಸಿದ ಸೋದರತ್ತೆ ಯಾವ ಊರಿನಿಂದ ಬರುತ್ತಾರೆ, ಯಾವಾಗ ಹೊರಡುತ್ತಾರೆ? ಹಾಸಿಗೆ ಹಿಡಿದು ಮನೆಯಲ್ಲೇ ಉಳಿಯುವವರು ಯಾರಾದರೂ ಇದ್ದಾರೆಯೇ? ಈ ಪಟ್ಟಿ ಬರೆದುಕೊಳ್ಳದೆ ನಾನು ಮುಂಗಡ ಹಣ ಮುಟ್ಟುವುದಿಲ್ಲ. ಗಿರಾಕಿ ಕೈತಪ್ಪಿ ಹೋದದ್ದೂ ಉಂಟು. "ಫೋಟೋ ತೆಗೆಯುವವನಿಗೆ ಮನೆತನದ ಉಸಾಬರಿ ಏಕೆ" ಎಂದು ಗೊಣಗುತ್ತಾ ಎದ್ದು ಹೋದವರನ್ನು ನಾನು ತಡೆಯಲಿಲ್ಲ.

ಬಂದವರಿಗೆ ಕಾರಣ ಹೇಳುವುದಿಲ್ಲ, ಇಲ್ಲಿ ಹೇಳಬಹುದು. ಹುಬ್ಬಳ್ಳಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಯಾರನ್ನು ಬೇಕಾದರೂ ಕೇಳಿ. ಮದುವೆಗೆ ನಮ್ಮನ್ನು ಕರೆದ ಮನೆಯವರು ಮತ್ತೆ ಅಂಗಡಿಗೆ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಮಗುವನ್ನು ತೊಟ್ಟಿಲಿಗೆ ಹಾಕುವಾಗ, ಇಲ್ಲವೇ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ. ಎರಡನೆಯದಕ್ಕೆ ಬರುವವನು ಸಾಮಾನ್ಯವಾಗಿ ಅಳಿಯ ಅಥವಾ ಮೊಮ್ಮಗ. ಕೈಯಲ್ಲಿ ಮೊಬೈಲ್, ಅದರಲ್ಲಿ ಆಧಾರ್ ಕಾರ್ಡಿನ ಚಿತ್ರ. ನಿಧನ ವಾರ್ತೆಗೆ ಸಂಜೆಯೊಳಗೆ ಒಂದು ಫೋಟೋ ಬೇಕು, ದಿನಕರ್ಮದ ಹೊತ್ತಿಗೆ ದೊಡ್ಡ ಫ್ರೇಮ್ ಬೇಕು. ಮೂರು ವರ್ಷದ ಹಿಂದಷ್ಟೇ ಅದೇ ಮನೆಯಲ್ಲಿ ಲಕ್ಷಾಂತರ ರೂಪಾಯಿ ಖರ್ಚಿನ ಮದುವೆ ನಡೆದಿರುತ್ತದೆ, ಸಾವಿರಾರು ಚಿತ್ರಗಳು ಪೆನ್‌ಡ್ರೈವ್‌ನಲ್ಲಿ ಇರುತ್ತವೆ. ಅವುಗಳಲ್ಲಿ ಅಜ್ಜ ಸಿಗುವುದು ಊಟದ ಪಂಕ್ತಿಯಲ್ಲಿ, ಬಾಯಲ್ಲಿ ತುತ್ತು ಇರುವಾಗ. ಇಲ್ಲವೇ ಗುಂಪಿನ ಚಿತ್ರದ ತುದಿಯಲ್ಲಿ, ಯಾರದೋ ಭುಜದ ಹಿಂದೆ ಅರ್ಧ ಮುಖವಾಗಿ.

"ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿ" ಎನ್ನುವುದು ಸುಲಭ. ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಕೊಡುವ ಚಿತ್ರದ ಅಗಲ ಸುಮಾರು 6000 ಪಿಕ್ಸೆಲ್. ಒಂದು ಸಾಲಿಗೆ ಹದಿನೈದು ಜನ ನಿಂತರೆ ಒಬ್ಬೊಬ್ಬರ ಪಾಲಿಗೆ ಬರುವುದು 400. ಮುಖಕ್ಕೆ ಅದರ ಅರ್ಧವೂ ಇಲ್ಲ. ಗೋಡೆಗೆ ಹಾಕುವ 12×18 ಇಂಚಿನ ಫೋಟೋ ಸ್ಪಷ್ಟವಾಗಿ ಬರಬೇಕೆಂದರೆ 3600×5400 ಪಿಕ್ಸೆಲ್ ಇರಬೇಕು. ನೂರೈವತ್ತು ಪಿಕ್ಸೆಲ್‌ನ ಮುಖವನ್ನು ಅಷ್ಟಕ್ಕೆ ಹಿಗ್ಗಿಸಿದರೆ ಉಳಿಯುವುದು ಬಣ್ಣದ ಮಸುಕು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಆ ಮಸುಕಿನಿಂದಲೇ ಕಣ್ಣು, ಹುಬ್ಬು, ಹಲ್ಲು ಎಲ್ಲವನ್ನೂ ಹುಟ್ಟಿಸಿ ಕೊಡುತ್ತವೆ. ಚಿತ್ರ ಚೊಕ್ಕವಾಗಿಯೇ ಇರುತ್ತದೆ, ಆದರೆ ಅದರಲ್ಲಿರುವವನು ಬೇರೆ ಯಾವನೋ ಅಜ್ಜ. ಮನೆಯವರು ಅದನ್ನು ನೋಡಿ ಏನೋ ಸರಿಯಿಲ್ಲ ಎನ್ನುತ್ತಾರೆ, ಏನೆಂದು ಹೇಳಲು ಅವರಿಗೂ ಬರುವುದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮದುವೆಯ ದಿನದ ಮುಖ್ಯ ಕೆಲಸ ಮುಹೂರ್ತಕ್ಕೆ ಬಹಳ ಮೊದಲೇ, ಜನ ಉಪ್ಪಿಟ್ಟು ಶಿರಾ ತಿನ್ನುವ ಹೊತ್ತಿನಲ್ಲಿ ನಡೆದುಹೋಗಿರುತ್ತದೆ. ಪಟ್ಟಿಯಲ್ಲಿದ್ದ ಪ್ರತಿಯೊಬ್ಬ ಹಿರಿಯರದೂ ಒಂಟಿಯಾಗಿ ಒಂದು ಚಿತ್ರ, ಗಂಡ ಹೆಂಡತಿ ಇಬ್ಬರೂ ಇದ್ದರೆ ಜೋಡಿಯಾಗಿ ಇನ್ನೊಂದು. ಹಳ್ಳಿಯ ಮನೆಯಾದರೆ ತಲೆಬಾಗಿಲೇ ನನ್ನ ಸ್ಟುಡಿಯೋ. ಹೊಸ್ತಿಲಿನಿಂದ ಎರಡು ಮೂರು ಅಡಿ ಒಳಗೆ, ಪಡಸಾಲೆಯಲ್ಲಿ, ಬೆಳಕಿಗೆ ಸ್ವಲ್ಪ ಓರೆಯಾಗಿ ಕುರ್ಚಿ ಹಾಕಿಸುತ್ತೇನೆ. ಹೊರಗಿನ ಬಿಸಿಲು ಅಂಗಳಕ್ಕೆ ಬಿದ್ದು ಒಳಗೆ ಪುಟಿದು ಬರುವ ಆ ಬೆಳಕಿನಲ್ಲಿ ಮುಖದ ಒಂದೊಂದು ಗೆರೆಯೂ ಕಾಣುತ್ತದೆ, ಯಾವುದೂ ಕಣ್ಣಿಗೆ ಚುಚ್ಚುವುದಿಲ್ಲ. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಅಜ್ಜಿಯರನ್ನು ನಡು ಮಧ್ಯಾಹ್ನ ಹೊರಗೆ ನಿಲ್ಲಿಸಿದರೆ ಸೆರಗಿನ ನೆರಳು ನೇರವಾಗಿ ಕಣ್ಣಿನ ಮೇಲೆ ಬೀಳುತ್ತದೆ. ಬಾಗಿಲ ಬೆಳಕು ಎದುರಿನಿಂದ ಬರುವುದರಿಂದ ಸೆರಗಿನ ಒಳಗೂ ಹೋಗುತ್ತದೆ. ಸೆರಗು ಸರಿಸಿ ಎಂದು ನಾನು ಹೇಳುವುದಿಲ್ಲ. ಐವತ್ತು ವರ್ಷ ಆ ಮುಖ ಮನೆಯವರಿಗೆ ಕಂಡಿರುವುದೇ ಆ ಸೆರಗಿನ ಅಂಚಿನೊಳಗೆ.

ಗಂಡಸರದು ಇನ್ನೊಂದು ಫಜೀತಿ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ ಅಥವಾ ಪಟಗ, ನಡುವೆ ಬಿಸಿಲಿನಲ್ಲಿ ದುಡಿದು ಕಪ್ಪಾದ ಮುಖ. ಕ್ಯಾಮೆರಾದ ಬೆಳಕಿನ ಅಳತೆಗೆ ಮನುಷ್ಯ ಯಾರು, ಬಟ್ಟೆ ಯಾವುದು ಗೊತ್ತಾಗುವುದಿಲ್ಲ. ಎದುರಿಗಿರುವುದನ್ನೆಲ್ಲ ನಡುಮಟ್ಟದ ಬೂದು ಬಣ್ಣವೆಂದೇ ಎಣಿಸುತ್ತದೆ. ಅಷ್ಟು ಬಿಳಿಯನ್ನು ಕಂಡು, ಬೆಳಕು ಹೆಚ್ಚಾಯಿತೆಂದು ತಾನೇ ಕಡಿಮೆ ಮಾಡುತ್ತದೆ. ಧೋತರ ಬೂದಿಯಾಗುತ್ತದೆ, ಮುಖ ಇದ್ದಿಲಾಗುತ್ತದೆ. ನಮ್ಮ ಕಡೆಯ ಎಷ್ಟೋ ಹಿರಿಯರ ಫೋಟೋಗಳಲ್ಲಿ ಮುಖ ಕಾಣದಿರುವುದಕ್ಕೆ ಕಾರಣ ಇಷ್ಟೇ. ಮುಖಕ್ಕೆ ಅಳತೆ ಹಿಡಿದು, ಟೋಪಿಯ ನೇಯ್ಗೆ ಅಳಿಸಿಹೋಗದಷ್ಟರ ಮಟ್ಟಿಗೆ ಬೆಳಕು ಏರಿಸಿದರೆ ಆಯಿತು. ಇದಕ್ಕೆ ದುಬಾರಿ ಲೆನ್ಸ್ ಬೇಡ.

ಹಿರಿಯರನ್ನು ಕುರ್ಚಿಗೆ ತರುವುದು ಮಾತ್ರ ತಾಳ್ಮೆಯ ಕೆಲಸ. "ನನ್ನದೇಕೆ ತಮ್ಮಾ, ಹುಡುಗಿಯದು ತೆಗೆ" ಎನ್ನುತ್ತಾರೆ. ನಾನು ಕಾರಣ ಕೊಡುವುದಿಲ್ಲ. ಬೆಳಕು ಪರೀಕ್ಷೆ ಮಾಡಬೇಕಾಗಿದೆ, ಸುಮ್ಮನೆ ಒಂದು ನಿಮಿಷ ಕೂಡಿ ಎನ್ನುತ್ತೇನೆ. ಕುಂದಗೋಳದ ಕಡೆಯ ಒಂದು ಮದುವೆಯಲ್ಲಿ ಒಬ್ಬ ಅಜ್ಜ ಈ ಸುಳ್ಳಿಗೆ ಜಗ್ಗಲಿಲ್ಲ. ಕುರ್ಚಿಯನ್ನು ನೋಡಿದರು, ಹಿಂದಿನ ಬೋಳು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. ಪಟಗ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಕುಳಿತರು. "ಮಾಲೆ ಹಾಕಲು ಸುತ್ತ ಜಾಗ ಬಿಟ್ಟು ತೆಗೆ" ಎಂದರು. ಸುತ್ತ ನಿಂತವರು ಬೈದರು, ಶುಭ ದಿನ ಇಂಥ ಮಾತೇಕೆ ಎಂದರು. ಅಜ್ಜನಿಗೆ ಮಾತ್ರ ಖುಷಿಯೋ ಖುಷಿ. ಆ ಚಿತ್ರದಲ್ಲಿ ಅವರು ನಗುತ್ತಿದ್ದಾರೆ, ಮೇಲಿನ ಸಾಲಿನ ಎರಡು ಹಲ್ಲು ಇಲ್ಲ. ಅಂದಿನಿಂದ ತಲೆಯ ಮೇಲೆ, ಎರಡೂ ಪಕ್ಕಕ್ಕೆ ಧಾರಾಳವಾಗಿ ಜಾಗ ಬಿಟ್ಟೇ ತೆಗೆಯುತ್ತೇನೆ. ವೃತ್ತಿಯಲ್ಲಿ ನನಗೆ ಸಿಕ್ಕ ಅತ್ಯಂತ ಕರಾರುವಾಕ್ಕಾದ ಸೂಚನೆ ಅದು.

ಇನ್ನು ಮುಹೂರ್ತದ ಮಾತು. ನಮ್ಮ ಕಡೆಯ ಮದುವೆಯಲ್ಲಿ ಎಲ್ಲರೂ ಕಾದು ಕೂಡುವುದು ಅಕ್ಕಿಕಾಳಿಗೆ. ಮಂತ್ರ ಮುಗಿಯುತ್ತಿದ್ದಂತೆ ವಾದ್ಯದವರು ಜೋರಾಗಿ ಬಾರಿಸುತ್ತಾರೆ, ನೂರಾರು ಕೈಗಳು ಒಮ್ಮೆಗೇ ಮೇಲೇಳುತ್ತವೆ. ಆಗ ಸಭೆಯಲ್ಲಿ ಕುಳಿತವರಿಗೆ ಕಾಣುವುದು ಏನು? ನಮ್ಮ ಬೆನ್ನು. ಇಬ್ಬರು ಫೋಟೋದವರು, ಇಬ್ಬರು ವಿಡಿಯೋದವರು, ದೀಪ ಹಿಡಿದ ಹುಡುಗ, ಈಗೀಗ ಇವರ ಜೊತೆಗೆ ರೀಲ್ಸ್‌ಗೆಂದೇ ಮೊಬೈಲ್ ಹಿಡಿದವನೊಬ್ಬ. ಗದಗಿನಿಂದ ಬಸ್ಸು ಹತ್ತಿ ಬಂದ ಸೋದರತ್ತೆ ಅಕ್ಕಿಕಾಳು ಒಗೆಯುವುದು ವಿಡಿಯೋದವನ ಅಂಗಿಯ ಮೇಲೆ. ಪಕ್ಕದ ಎಲ್‌ಇಡಿ ಪರದೆಯಲ್ಲಿ ನೋಡಿಕೊಳ್ಳಿ ಎನ್ನುವುದಾದರೆ ಆಕೆ ಮನೆಯಲ್ಲೇ ಕುಳಿತು ಮೊಬೈಲ್‌ನಲ್ಲಿ ನೋಡಬಹುದಿತ್ತು.

ನನ್ನ ತಂಡದಲ್ಲಿ ಇದಕ್ಕೊಂದು ಕಟ್ಟಳೆ ಇದೆ. ಅಕ್ಕಿಕಾಳಿನ ಹೊತ್ತಿಗೆ ವೇದಿಕೆಯ ಮುಂಭಾಗ ಖಾಲಿ. ಒಬ್ಬ ಪಕ್ಕದ ಮೆಟ್ಟಿಲ ಮೇಲೆ ಮಂಡಿಯೂರಿ, ಇನ್ನೊಬ್ಬ ಸಭೆಯ ಹಿಂಬದಿಯಿಂದ, ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಹಿಡಿದು. ಇದರಲ್ಲಿ ಸೌಜನ್ಯದ ಜೊತೆಗೆ ಕಸುಬಿನ ಲಾಭವೂ ಇದೆ. ಕ್ಯಾಮೆರಾದ ನೆತ್ತಿಯ ಮೇಲಿರುವ ಫ್ಲಾಶ್ ಹೊಡೆದು ಹತ್ತಿರದಿಂದ ತೆಗೆದರೆ ಲೆನ್ಸಿನ ಎದುರು ಹಾರಿ ಬಂದ ಕಾಳುಗಳೆಲ್ಲ ದೊಡ್ಡ ಬಿಳಿ ಚುಕ್ಕೆಗಳಾಗಿ ಮದುಮಗಳ ಮುಖವನ್ನೇ ಮುಚ್ಚುತ್ತವೆ. ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ ಓರೆಯಲ್ಲಿ, ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟರೆ ಅದೇ ಕಾಳುಗಳು ಒಂದೊಂದಾಗಿ ಗಾಳಿಯಲ್ಲಿ ನಿಂತದ್ದು ಕಾಣುತ್ತದೆ. ಸಭಾಂಗಣದ ಅಗ್ಗದ ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಶಟರ್ ವೇಗವನ್ನು ಸಿಕ್ಕಾಪಟ್ಟೆ ಏರಿಸಿದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬರುತ್ತವೆ; ದೀಪದ ಬೆಳಕಿನಲ್ಲೇ ತೆಗೆಯುವಾಗ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಂತರೆ ಕ್ಷೇಮ. ಮೆಟ್ಟಿಲ ಮೇಲಿರುವವನಿಗೆ ಇನ್ನೂ ಒಂದು ಕೆಲಸ ಹೇಳಿರುತ್ತೇನೆ: ಕಾಳು ಬೀಳುವ ಕ್ಷಣದಲ್ಲಿ ಒಮ್ಮೆ ಹಿಂತಿರುಗಿ ಸಭೆಯನ್ನು ತೆಗೆ. ಆ ಚಿತ್ರದಲ್ಲಿ ಇಡೀ ಬಳಗ ಕೈ ಎತ್ತಿ ನಿಂತಿರುತ್ತದೆ, ಯಾರೂ ಕ್ಯಾಮೆರಾ ನೋಡುತ್ತಿರುವುದಿಲ್ಲ. ಆಲ್ಬಮ್ ತೆರೆದಾಗ ಜನ ಬೆರಳಿಟ್ಟು ಒಬ್ಬೊಬ್ಬರನ್ನೇ ಗುರುತಿಸುತ್ತಾ ಹೆಚ್ಚು ಹೊತ್ತು ನಿಲ್ಲುವುದು ಆ ಹಾಳೆಯಲ್ಲಿ.

ಹಂದರದ ಬಟ್ಟೆಯ ಬಗ್ಗೆಯೂ ಒಂದು ದೂರು ಇದೆ. ಕೆಂಪು, ಹಳದಿ, ಹಸಿರು ಪಟ್ಟೆಗಳ ಶಾಮಿಯಾನದ ಕೆಳಗೆ ನಿಂತ ಮನುಷ್ಯನ ಹಣೆ ಕೆಂಪು, ಕೆನ್ನೆ ಹಸಿರು. ಅರಿಷಿಣ ಹಚ್ಚಿದ ಮೈಯಾದರೆ ಕ್ಯಾಮೆರಾದ ತಾನೇ ತಾನಾಗಿ ಬಣ್ಣ ಸರಿಪಡಿಸುವ ಬುದ್ಧಿ ಪೂರ್ತಿ ಕೆಡುತ್ತದೆ; ಹಳದಿ ಹೆಚ್ಚಾಯಿತೆಂದು ನೀಲಿ ಬೆರೆಸುತ್ತದೆ. ಮನೆಯವರು ಮೊದಲೇ ಕೇಳಿದರೆ ಬಿಳಿ ಅಥವಾ ತಿಳಿ ಕೆನೆ ಬಣ್ಣದ ಬಟ್ಟೆ ಕಟ್ಟಿಸಿ ಎನ್ನುತ್ತೇನೆ. ಹಂದರದವನಿಗೆ ಅದು ಹಿಡಿಸುವುದಿಲ್ಲ. ಬಿಳಿ ಬಟ್ಟೆ ಒಂದೇ ಮದುವೆಗೆ ಮಾಸುತ್ತದೆ ಎನ್ನುವ ಅವನ ಮಾತೂ ನಿಜ.

ಈಗ ಹೇಳುವುದು ಸ್ವಲ್ಪ ಸೂಕ್ಷ್ಮದ ವಿಷಯ. ಗಂಡನಿಲ್ಲದ ತಾಯಿ. ಮಗಳನ್ನು ಓದಿಸಿ, ಸಂಬಂಧ ಹುಡುಕಿ, ಸಾಲ ಮಾಡಿ ಮದುವೆ ಎತ್ತಿದವಳು ಆಕೆಯೇ ಆಗಿರುತ್ತಾಳೆ. ಶಾಸ್ತ್ರದ ಹೊತ್ತಿಗೆ ಮಾತ್ರ ಅಡುಗೆಯ ಉಸ್ತುವಾರಿ ಎಂದು ಎದ್ದು ಹೋಗುತ್ತಾಳೆ, ಅಥವಾ ಕಂಬದ ಮರೆಯಲ್ಲಿ ನಿಲ್ಲುತ್ತಾಳೆ. ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮ ಕೂಡುತ್ತಾರೆ. ಈಗ ಕೆಲವು ಮನೆಗಳಲ್ಲಿ ಮಗಳೇ ಹಟ ಹಿಡಿದು ತಾಯಿಯನ್ನು ಕೂರಿಸುತ್ತಾಳೆ, ಆದರೆ ಅಂಥ ಮನೆಗಳು ಕಡಿಮೆ. ಹೊಸದಾಗಿ ಬಂದ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಒಂದು ಕೆಲಸ ಮಾಡುತ್ತಾರೆ: "ಅಮ್ಮಾ, ನೀವೂ ಬನ್ನಿ" ಎಂದು ವೇದಿಕೆಯಿಂದ ಕೂಗುತ್ತಾರೆ. ಇಡೀ ಸಭೆ ತಿರುಗಿ ನೋಡುತ್ತದೆ. ಆಕೆ ಬರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಾಳೆ. ಈ ಪದ್ಧತಿಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ, ಆದರೆ ನನ್ನ ಅಭಿಪ್ರಾಯದ ಬೆಲೆಯನ್ನು ಆಕೆ ಅಷ್ಟು ಜನರ ಎದುರು ತೆರಬೇಕಾಗಿಲ್ಲ.

ಬುಕಿಂಗ್ ಸಮಯದ ನನ್ನ ಪಟ್ಟಿಯಿಂದ ಈ ಸಂಗತಿ ಮೊದಲೇ ಗೊತ್ತಾಗಿರುತ್ತದೆ. ಬೆಳಿಗ್ಗೆ ಮದುಮಗಳು ತಯಾರಾಗುವ ಕೋಣೆಗೆ ನಮ್ಮ ತಂಡದ ಹೆಣ್ಣುಮಗಳು ಹೋಗುತ್ತಾಳೆ. ದಂಡೆ ಕಟ್ಟುವುದಕ್ಕೆ ಮೊದಲು, ಅಥವಾ ಜಡೆ ಮುಗಿದ ಮೇಲೆ, ತಾಯಿಯನ್ನು ಒಂದು ನೆಪದಿಂದ ಒಳಗೆ ಕರೆಸುತ್ತಾಳೆ: ಸೀರೆಯ ನಿರಿಗೆ ಸರಿಮಾಡಿ, ಈ ಪಿನ್ ಹಾಕಿ. ತಾಯಿ ಮಗಳ ಎದುರು ಮಂಡಿಯೂರಿ ನಿರಿಗೆ ಹಿಡಿಯುತ್ತಾಳೆ. ಆ ಹೊತ್ತಿನಲ್ಲಿ ಇಬ್ಬರದೂ ಆಗುವ ಚಿತ್ರಗಳು ಆಲ್ಬಮ್‌ನ ಮೊದಲ ಹಾಳೆಗೆ ಹೋಗುತ್ತವೆ. ಧಾರೆಯ ಚಿತ್ರಕ್ಕಿಂತ ಮೊದಲು. ಇದಕ್ಕೆ ಇಲ್ಲಿಯವರೆಗೆ ಯಾವ ಹಿರಿಯರೂ ತಕರಾರು ತೆಗೆದಿಲ್ಲ. ತೆಗೆದರೆ ಹಾಳೆ ಬೈಂಡ್ ಆಗಿದೆ ಎನ್ನಲು ಸಿದ್ಧನಾಗಿದ್ದೇನೆ.

ಹೆಣ್ಣುಮಗಳು ತಂಡದಲ್ಲಿ ಇರಲೇಬೇಕು ಎಂಬ ನನ್ನ ಹಟಕ್ಕೆ ಸುರಗಿ ಇನ್ನೊಂದು ಕಾರಣ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಎಣ್ಣೆ ಅರಿಷಿಣ ಹಚ್ಚಿ ನೀರೆರೆಯುವ ಶಾಸ್ತ್ರ. ನೋಡಲು ಅಷ್ಟು ಚೆಂದದ್ದು ಮದುವೆಯಲ್ಲಿ ಬೇರೆ ಇಲ್ಲ. ಹಾಡು, ನಗೆ, ಒಬ್ಬರ ಮೇಲೊಬ್ಬರು ನೀರು ಎರಚುವ ಗದ್ದಲ. ಆದರೆ ತೊಯ್ದ ಸೀರೆಯಲ್ಲಿ ನಡುಗುತ್ತಾ ಕುಳಿತ ಹುಡುಗಿಯ ಮುಂದೆ ಗಂಡಸೊಬ್ಬ ಅರ್ಧ ಗಂಟೆ ಕ್ಯಾಮೆರಾ ಹಿಡಿದು ನಿಲ್ಲುವುದು ಅಸಹ್ಯ. ನಾನು ನೀರು ಬೀಳುವವರೆಗೆ ಇರುತ್ತೇನೆ, ತಂಬಿಗೆ, ನೂಲು, ಅರಿಷಿಣ ಅರೆಯುವ ಕೈಗಳು ಇವನ್ನೆಲ್ಲ ತೆಗೆದು ಹೊರಗೆ ಬರುತ್ತೇನೆ. ಮುಂದಿನದು ನಮ್ಮ ತಂಡದ ಹೆಣ್ಣುಮಗಳ ಪಾಲು. ಅವಳಿಗೂ ಹೇಳಿರುವುದು ಭುಜದಿಂದ ಮೇಲಿನ ಚಿತ್ರವನ್ನಷ್ಟೇ ತೆಗೆ, ಟವೆಲ್ ಹೊದೆಸಿದ ಮೇಲೆ ಉಳಿದದ್ದು. ಸುರಗಿಯ ಒಂದು ಚಿತ್ರವೂ ಮದುಮಗಳು ಸ್ವತಃ ನೋಡಿ ಒಪ್ಪುವ ಮೊದಲು ಮನೆಯ ವಾಟ್ಸ್‌ಆಪ್ ಗುಂಪಿಗೆ ಹೋಗುವುದಿಲ್ಲ.

ಚಿತ್ರ ಯಾರದು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ನಮ್ಮ ವೃತ್ತಿಯವರಲ್ಲಿ ಬಹಳ ಜನ, ತೆಗೆದವನು ನಾನು, ಚಿತ್ರ ನನ್ನದು ಎಂದುಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಬೇರೆಯೇ ಹೇಳುತ್ತದೆ: ಒಬ್ಬರ ಕೋರಿಕೆಯ ಮೇರೆಗೆ, ಹಣ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕಿನ ಮೊದಲ ಒಡೆಯರು ತೆಗೆಸಿದವರೇ. ಅಂದರೆ ನಾವು ಇನ್‌ಸ್ಟಾಗ್ರಾಮ್‌ಗೆ ಹಾಕಿಕೊಳ್ಳುವ ಪ್ರತಿ ಮದುಮಗಳ ಚಿತ್ರಕ್ಕೂ ಆ ಮನೆಯವರನ್ನು ಕೇಳಬೇಕು. ಕಾಯ್ದೆ ಇರದಿದ್ದರೂ ಕೇಳಬೇಕಿತ್ತು. ನನ್ನ ಒಪ್ಪಂದದ ಹಾಳೆಯಲ್ಲಿ ಈ ಸಾಲನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿದ್ದೇನೆ, ಬೇಕು ಬೇಡ ಎಂಬ ಎರಡು ಚೌಕಗಳೊಂದಿಗೆ. "ಬೇಡ" ಎಂದವರಿಗೆ ಏಕೆ ಎಂದು ಕೇಳುವ ಪದ್ಧತಿ ಇಲ್ಲ. ನಮ್ಮ ಹುಡುಗರಿಗೆ ಇದು ನುಂಗಲಾರದ ತುತ್ತು. ಅವರ ಅತ್ಯುತ್ತಮ ಚಿತ್ರಗಳು ಯಾವಾಗಲೂ ಬೇಡ ಎಂದವರ ಮನೆಯಲ್ಲೇ ಆಗುತ್ತವಂತೆ.

ಮುಖ ಬೆಳ್ಳಗೆ ಮಾಡುವ ವಿಷಯದಲ್ಲಿ ಗಿರಾಕಿಗೂ ನನಗೂ ಪ್ರತಿ ಸಲ ಕದನ. "ಸ್ವಲ್ಪ ಬ್ರೈಟ್ ಮಾಡಿ" ಎಂಬ ಮಾತಿನಿಂದ ಶುರುವಾಗುತ್ತದೆ. ಮಾಡುತ್ತೇನೆ, ಬೆಳಕನ್ನು. ಚರ್ಮದ ಬಣ್ಣವನ್ನು ಮುಟ್ಟುವುದಿಲ್ಲ. ಇಳಕಲ್ ಸೀರೆಯ ದಾಳಿಂಬೆ ಕೆಂಪು ಅಥವಾ ಹಸಿರು ಒಡಲು ಕಪ್ಪು ಮೈಬಣ್ಣದ ಮೇಲೆ ಹೇಗೆ ಕಾಣುತ್ತದೆ ಎಂದು ಎರಡು ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಮುಖ ತಿಳಿಯಾಗಿಸಿದ ಪ್ರಿಂಟ್‌ನಲ್ಲಿ ಕತ್ತು ಮತ್ತು ಮುಖ ಬೇರೆ ಬೇರೆ ಮನುಷ್ಯರದ್ದು. ಹತ್ತರಲ್ಲಿ ಏಳೆಂಟು ಮಂದಿ ಅಷ್ಟಕ್ಕೇ ಸುಮ್ಮನಾಗುತ್ತಾರೆ, ಉಳಿದವರು ತಾವೇ ಮೊಬೈಲ್‌ನಲ್ಲಿ ಮಾಡಿಕೊಳ್ಳುತ್ತಾರೆ.

ಇದಕ್ಕಿಂತ ಕೆಟ್ಟದ್ದು ಆಲ್ಬಮ್ ವಿನ್ಯಾಸದವರು ಕೇಳದೆಯೇ ಮಾಡುವ ನಯ. ಒಮ್ಮೆ ಬೇರೆ ಊರಿನಲ್ಲಿ ವಿನ್ಯಾಸವಾಗಿ ಬಂದ ಕರಡು ನೋಡುತ್ತಿದ್ದೆ. ಅಜ್ಜಿಯೊಬ್ಬರ ಚಿತ್ರದಲ್ಲಿ ಏನೋ ಕೊರತೆ. ಮೂಲ ಚಿತ್ರವನ್ನು ಪಕ್ಕದಲ್ಲಿ ತೆರೆದೆ. ಅಜ್ಜಿಯ ಹಣೆಯ ನಡುವೆ ಒಂದು ಗೆರೆ, ಗದ್ದದ ಮೇಲೆ ಮೂರು ಚುಕ್ಕೆ; ಚಿಕ್ಕಂದಿನಲ್ಲಿ ಹಾಕಿಸಿದ ಹಸಿರು ಹಚ್ಚೆ. ವಿನ್ಯಾಸದ ಹುಡುಗ ಅದನ್ನು ಕಲೆ ಎಂದುಕೊಂಡು ಒರೆಸಿದ್ದ. ಸುಕ್ಕುಗಳನ್ನೂ ಒರೆಸಿದ್ದ. ಎಂಬತ್ತು ದಾಟಿದವರ ಕೆನ್ನೆ ಪ್ಲಾಸ್ಟಿಕ್ ಗೊಂಬೆಯದರಂತೆ ಹೊಳೆಯುತ್ತಿತ್ತು. ಫೋನ್ ಮಾಡಿದರೆ, "ಎಲ್ಲರಿಗೂ ಹೀಗೇ ಮಾಡುತ್ತೇವೆ ಸರ್" ಎಂಬ ಉತ್ತರ. ಆ ವರ್ಷದಿಂದ ಹಿರಿಯರ ಹಾಳೆಗಳನ್ನು ನಾನೇ ಕುಳಿತು ಮಾಡುತ್ತೇನೆ. ಹಚ್ಚೆ, ಗಾಯದ ಗುರುತು, ತಂಬಾಕಿನಿಂದ ಕೆಂಪಾದ ತುಟಿ ಎಲ್ಲವೂ ಇದ್ದ ಹಾಗೇ ಇರಬೇಕು. ಮೂಗಿನ ತುದಿಗೆ ಕುಳಿತ ನೊಣವನ್ನು ಬೇಕಾದರೆ ತೆಗೆಯುತ್ತೇನೆ.

ಮದುವೆಗೆ ಮುಂಚಿನ ಚಿತ್ರೀಕರಣದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ವಿಶ್ವವಿದ್ಯಾಲಯದ ಸಾಲುಮರಗಳು. ಜೋಡಿಗೆ ಮಾತು ಬೆಳೆಯಲು ಒಂದು ನೆಪ. ಲಕ್ಕುಂಡಿಗೆ ಹೋಗೋಣ ಎನ್ನುವವರಿಗೆ ಮಾತ್ರ ಎರಡು ಷರತ್ತು. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಟ್ರೈಪಾಡ್, ದೀಪ ಎಂದರೆ ಅನುಮತಿ ಬೇಕು. ಮತ್ತು ಕಾಶಿ ವಿಶ್ವೇಶ್ವರನ ಬಾಗಿಲವಾಡದ ಕೆತ್ತನೆಗೆ ಒರಗಿ ನಿಲ್ಲುವ ಹಾಗಿಲ್ಲ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇರುವ ಊರು ಅದು. ಸಾವಿರ ವರ್ಷ ಉಳಿದ ಮೆದುಗಲ್ಲಿನ ಕೆತ್ತನೆಗೆ ಲೆಹೆಂಗಾದ ಜರಿ ಉಜ್ಜಿ ನಾವು ಗಳಿಸುವುದು ಏನೂ ಇಲ್ಲ. ಡ್ರೋನ್ ಕೇಳಿದವರಿಗೂ ಇಂಥದ್ದೇ ಉತ್ತರ: ವಿಮಾನ ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ, ಮಂಟಪಗಳೂ ಅಲ್ಲೇ ಸಾಲಾಗಿವೆ, ಅನುಮತಿಯಿಲ್ಲದೆ ಆ ಆಕಾಶಕ್ಕೆ ಡ್ರೋನ್ ಬಿಡುವ ಧೈರ್ಯ ನನಗಿಲ್ಲ.

ಹಣದ ವಿಷಯ ಬಂದಾಗ ಪಟ್ಟಣದ ಮದುವೆ ಬೇರೆ, ಹಳ್ಳಿಯದು ಬೇರೆ. ನವಲಗುಂದ, ರೋಣ, ಬ್ಯಾಡಗಿ ಕಡೆಯವರು ಮದುವೆ ಮುಗಿದ ಕೂಡಲೇ ಬಾಕಿ ಕೊಡಲಾರರು. ಹತ್ತಿಯೋ ಮೆಣಸಿನಕಾಯಿಯೋ ಮಾರುಕಟ್ಟೆಗೆ ಹೋಗಬೇಕು, ದರ ಕೈಕೊಡಬಾರದು. ನಾನು ಆಲ್ಬಮ್ ತಡೆಹಿಡಿಯುವುದಿಲ್ಲ. ಹಾಗೆ ತಡೆದ ಆಲ್ಬಮ್‌ಗಳು ಸ್ಟುಡಿಯೋಗಳ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಾ ಬಿದ್ದಿರುವುದನ್ನು ನೋಡಿದ್ದೇನೆ. ಅಷ್ಟರಲ್ಲಿ ಅದರೊಳಗಿನ ಅಜ್ಜ ತೀರಿಕೊಂಡಿರುತ್ತಾನೆ, ಹಣ ಅಂತೂ ಬರುವುದಿಲ್ಲ. ಕೊಟ್ಟು ಕಳಿಸಿದರೆ ತಡವಾಗಿಯಾದರೂ ಬಂದು ಕೊಟ್ಟು ಹೋಗುತ್ತಾರೆ, ಜೊತೆಗೆ ಚೀಲದಲ್ಲಿ ಒಣಮೆಣಸಿನಕಾಯಿಯೋ ಹೆಸರುಕಾಳೋ ಇರುತ್ತದೆ. ನನ್ನ ಹೆಂಡತಿ ಇದನ್ನು ವ್ಯಾಪಾರ ಎಂದು ಒಪ್ಪುವುದಿಲ್ಲ.

ಮಠಗಳ ಸಾಮೂಹಿಕ ವಿವಾಹಗಳಿಗೆ ಹೋದಾಗ ಆಲ್ಬಮ್‌ನ ಮಾತೇ ಇಲ್ಲ. ಒಂದೇ ಹಂದರದಲ್ಲಿ ಹತ್ತಾರು ಜೋಡಿ, ಒಂದೇ ಹೊತ್ತಿಗೆ ಅಕ್ಕಿಕಾಳು. ಅಲ್ಲಿ ನನ್ನ ಲೆಕ್ಕ ಜೋಡಿಗೆ ಎರಡು ಚಿತ್ರ: ಬಾಸಿಂಗ ಕಟ್ಟಿದ ಮದುಮಕ್ಕಳದು ಒಂದು, ನಾಲ್ಕೂ ತಂದೆ ತಾಯಿಯರೊಂದಿಗೆ ಇನ್ನೊಂದು. ಗದ್ದಲದಲ್ಲಿ ಹೆಸರು ಅದಲುಬದಲಾಗದಿರಲೆಂದು ಪ್ರತಿ ಜೋಡಿಯ ಮೊದಲ ಚಿತ್ರ ಅವರ ನೋಂದಣಿ ಚೀಟಿಯದು. ಇಂಥ ಮದುವೆಗಳಲ್ಲಿ ಹಾವೇರಿಯ ಏಲಕ್ಕಿ ಮಾಲೆ ಸಾಮಾನ್ಯವಾಗಿ ಅತಿಥಿಗಳ ಕೊರಳಿಗೆ ಬೀಳುತ್ತದೆ, ಮದುಮಕ್ಕಳಿಗೆ ಚೆಂಡು ಹೂ. ಚೆಂಡು ಹೂವಿನ ಕಿತ್ತಳೆ ಬಣ್ಣ ಮುಖಕ್ಕೆ ಪುಟಿದು ಒಳ್ಳೆಯ ಕಳೆ ಕೊಡುತ್ತದೆ ಎಂಬುದು ಮಾತ್ರ ಅತಿಥಿಗಳಿಗೆ ಗೊತ್ತಿಲ್ಲ.

ಆಷಾಢ ಬಂತೆಂದರೆ ನಮಗೆ ಕೆಲಸವಿಲ್ಲ. ಆಗ ನಾನು ಹಳೆಯ ಗಿರಾಕಿಗಳಿಗೆ ಮನೆಯಲ್ಲಿರುವ ಹಳೆಯ ಆಲ್ಬಮ್ ತನ್ನಿ ಎಂದು ಹೇಳಿ ಕಳಿಸುತ್ತೇನೆ. ತಂದದ್ದನ್ನು ಹರಡಿದರೆ ಒಂದು ವಿಚಿತ್ರ ಕಾಣುತ್ತದೆ. ಅಜ್ಜ ಅಜ್ಜಿಯ ಕಪ್ಪು ಬಿಳುಪು ಫೋಟೋ ಗಟ್ಟಿಯಾಗಿದೆ. ಎಂಬತ್ತರ ದಶಕದ ಅಪ್ಪ ಅಮ್ಮನ ಬಣ್ಣದ ಫೋಟೋ ಇಟ್ಟಿಗೆ ಕೆಂಪಾಗಿದೆ. ಕಪ್ಪು ಬಿಳುಪಿನ ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ಬಣ್ಣದ್ದು ನಿಂತಿರುವುದು ರಾಸಾಯನಿಕ ವರ್ಣಗಳ ಮೇಲೆ, ಅವುಗಳಲ್ಲಿ ನೀಲಿ ಹಸಿರಿನದು ಮೊದಲು ಮಾಸಿದರೆ ಉಳಿಯುವುದು ಕೆಂಪು. ಸ್ಕ್ಯಾನ್ ಮಾಡಿ ಬಣ್ಣವನ್ನು ಸಾಕಷ್ಟು ಮರಳಿ ತರಬಹುದು, ಆದರೆ ತಡಮಾಡಿದಷ್ಟೂ ಕಷ್ಟ. ಪ್ಲಾಸ್ಟಿಕ್ ಹೊದಿಕೆಯ, ಅಂಟು ಹಾಳೆಯ ಆಲ್ಬಮ್‌ಗಳು ಎಲ್ಲಕ್ಕಿಂತ ಅಪಾಯಕಾರಿ. ಅಂಟು ಹಳದಿಯಾಗಿ ಫೋಟೋವನ್ನು ಹಿಡಿದುಕೊಂಡಿರುತ್ತದೆ. ಅವುಗಳನ್ನು ಉಗುರಿನಿಂದ ಕೀಳಲು ಹೋಗಬೇಡಿ, ಹಾಳೆಯ ಸಮೇತ ತನ್ನಿ. ನೆಗೆಟಿವ್ ಪಟ್ಟಿಗಳು ಸಿಕ್ಕರೆ ಬೆರಳು ತಾಗಿಸದೆ ಕಾಗದದ ಲಕೋಟೆಯಲ್ಲಿ ಹಾಕಿ ತನ್ನಿ, ಫೋಟೋಕ್ಕಿಂತ ಅವುಗಳಿಂದಲೇ ಒಳ್ಳೆಯ ಪ್ರತಿ ಬರುತ್ತದೆ. ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇದ್ದವರು ಇನ್ನೂ ಬೇಗ ಎದ್ದೇಳಬೇಕು, ಟೇಪು ಬೂಷ್ಟು ಹಿಡಿಯುತ್ತದೆ, ಅದನ್ನು ಓಡಿಸುವ ಯಂತ್ರಗಳೂ ಅಪರೂಪವಾಗಿವೆ.

ತರುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ಗುಂಪಿನ ಚಿತ್ರದಲ್ಲಿ ಎಡದಿಂದ ಮೂರನೆಯವರು ಯಾರು, ಅವರ ಊರು ಯಾವುದು ಎಂದು ಅವರೊಬ್ಬರಿಗೇ ಗೊತ್ತಿರುತ್ತದೆ. ಅವರು ಹೇಳುತ್ತಾ ಹೋದದ್ದನ್ನು ಫೋಟೋದ ಹಿಂಬದಿಯಲ್ಲಿ ಅಂಚಿಗೆ ಬರೆಯಬೇಕು, ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಭಾಗದಲ್ಲಿ ಮುಖದ ಮೇಲೆ ಗೆರೆಯಾಗಿ ಮೂಡುತ್ತದೆ. ಅಂಗಡಿ ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ, ಪೆನ್ಸಿಲ್ ನನ್ನ ಹತ್ತಿರ ಇದೆ.